ಫ್ಯಾನ್ ಬೋರ್ಡ್ ರಿಪೇರಿಗೆ ಕೈಯಲ್ಲಿ ಹಿಡಿಯುವ ಹಾಟ್ ಏರ್: ಆರಿಸಿದ್ದು ಹೇಗೆ, ಕೆಲಸ ಮಾಡಿದ್ದು ಹೇಗೆ

ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಸೀಲಿಂಗ್ ಫ್ಯಾನು ಈಗ ಹಳ್ಳಿ ಮನೆಗಳಿಗೂ ಬಂದಿದೆ. ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತಿದ್ದ ಜಾಗದಲ್ಲಿ ಇದು 30 ವ್ಯಾಟ್ ಆಸುಪಾಸಿನಲ್ಲೇ ತಿರುಗುತ್ತದೆ. ಒಳ್ಳೆಯದೇ. ಆದರೆ ಮೋಟಾರಿನ ಜೊತೆಗೆ ಒಂದು ಎಲೆಕ್ಟ್ರಾನಿಕ್ ಬೋರ್ಡೂ ಬರುತ್ತದೆ. ನಮ್ಮ ಮಲೆನಾಡಿನ ಸಾಗರದ ಕಡೆ ಮಳೆಗಾಲ ಶುರುವಾಯಿತೆಂದರೆ ಕರೆಂಟು ಹೋಗಿ ಬಂದು, ಸಿಡಿಲು ಹೊಡೆದು, ಮೊದಲು ಕೈಕೊಡುವುದು ಆ ಬೋರ್ಡೇ. ಗೊತ್ತಿದ್ದವರ ಮನೆಯಿಂದ, ನೆಂಟರ ಮನೆಯಿಂದ ಬಂದ ಬೋರ್ಡುಗಳು ನನ್ನ ಮೇಜಿನ ಮೇಲೆ ಸಾಲಾಗಿ ಕೂತಿವೆ.

ಮೀಟರ್ ಇಟ್ಟು ನೋಡಿದರೆ ಎಷ್ಟೋ ಬೋರ್ಡುಗಳಲ್ಲಿ ಹೋಗಿರುವುದು ಕರೆಂಟನ್ನು ಸ್ವಿಚ್ಚಿನಂತೆ ಬಿಟ್ಟು ತಡೆಯುವ ಒಂದೇ ಒಂದು ಮಾಸ್‌ಫೆಟ್ ಅಥವಾ ಪವರ್ ಸಪ್ಲೈ ಐಸಿ. ಅಷ್ಟಕ್ಕೇ ಇಡೀ ಬೋರ್ಡನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಎಂಟು ಕಾಲಿನ ಪುಟ್ಟ ಐಸಿಯನ್ನು ಬರೀ ಸೋಲ್ಡರಿಂಗ್ ಐರನ್ನಿನಲ್ಲಿ ಎತ್ತುವುದು ಕಷ್ಟ. ಒಂದು ಕಡೆಯ ನಾಲ್ಕು ಕಾಲು ಕರಗುವಷ್ಟರಲ್ಲಿ ಇನ್ನೊಂದು ಕಡೆ ಗಟ್ಟಿಯಾಗಿಯೇ ಇರುತ್ತದೆ. ಬಲ ಹಾಕಿದರೆ ತಾಮ್ರದ ಪ್ಯಾಡೇ ಕಿತ್ತು ಬರುತ್ತದೆ. ಹೊಟ್ಟೆಯ ಕೆಳಗೂ ಪ್ಯಾಡ್ ಇರುವ ಕ್ಯೂಎಫ್‌ಎನ್ ಐಸಿ ಆದರಂತೂ ಐರನ್ ತುದಿ ಅಲ್ಲಿಗೆ ತಲುಪುವುದೇ ಇಲ್ಲ. ಬಿಸಿಗಾಳಿ ಬೇಕೇ ಬೇಕು.

ನನ್ನ ಮೇಜು ಚಿಕ್ಕದು. ಅದರ ಮೇಲೆ ಆಗಲೇ ಐರನ್ ಸ್ಟೇಷನ್, ಪವರ್ ಸಪ್ಲೈ, ಮೀಟರ್ ಇವೆ. ಇನ್ನೊಂದು ಪೆಟ್ಟಿಗೆಗೆ ಜಾಗವಿಲ್ಲ. ಕೆಲವೊಮ್ಮೆ ಯಾರದ್ದಾದರೂ ಮನೆಗೇ ಹೋಗಿ ಕೂತು ಕೆಲಸ ಮಾಡಬೇಕಾಗುತ್ತದೆ. ಹಾಗಾಗಿ ಪೆಟ್ಟಿಗೆ ಇಲ್ಲದ, ಎಲ್ಲವೂ ಹಿಡಿಯಲ್ಲೇ ಇರುವ ಚಿಕ್ಕ ಗನ್ ಹುಡುಕಲು ಹೊರಟೆ.

ಯಾವುದು ಬೇಡ, ಯಾಕೆ ಬೇಡ

ಬೆಂಗಳೂರಿಗೆ ಹೋದಾಗ ಎಸ್‌.ಪಿ. ರೋಡಿನಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಎತ್ತಿಟ್ಟಿದ್ದು ಪೇಂಟ್ ಕೀಳುವ ದೊಡ್ಡ ಗನ್.

‘ಇದು ತಗೊಳಿ ಸಾರ್, 2000 ವ್ಯಾಟು. ಯಾವ ಐಸಿ ಬೇಕಾದ್ರೂ ಬಂದ್ಬಿಡುತ್ತೆ.’

‘ಐಸಿ ಬರುತ್ತೆ ಅಣ್ಣ, ಪಕ್ಕದಲ್ಲಿರೋ ಕೆಪಾಸಿಟರ್‌ಗಳೂ ಹಾರಿ ಹೋಗ್ತವಲ್ಲ. ಎಸ್‌ಎಂಡಿ ಕೆಲಸಕ್ಕೆ ಬರೋದು ತೋರಿಸಿ.’

ಎಸ್‌ಎಂಡಿ ಎಂದರೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಭಾಗಗಳು. ಈ ದೊಡ್ಡ ಗನ್ನು ನಿಮಿಷಕ್ಕೆ ನೂರಾರು ಲೀಟರ್ ಗಾಳಿಯನ್ನು ಅಗಲವಾಗಿ ಚೆಲ್ಲುತ್ತದೆ. 0603 ಅಳತೆಯ ಒಂದು ಕೆಪಾಸಿಟರ್ ಎಂದರೆ 1.6 ಮಿಲಿಮೀಟರ್ ಉದ್ದ, 0.8 ಮಿಲಿಮೀಟರ್ ಅಗಲ. ಸೋಲ್ಡರ್ ಕರಗಿದ ಕ್ಷಣದಲ್ಲಿ ಅದು ಆ ಗಾಳಿಗೆ ನಿಲ್ಲುವುದಿಲ್ಲ. ಮೇಲಾಗಿ ಪ್ಲಾಸ್ಟಿಕ್ ಕನೆಕ್ಟರ್ ಕರಗುತ್ತದೆ, ಬೋರ್ಡ್ ಕಂದಾಗಿ ಪದರ ಬಿಡುತ್ತದೆ. ತಂತಿಗೆ ಹಾಕುವ ಶ್ರಿಂಕ್ ಟ್ಯೂಬ್ ಸುಕ್ಕಿಸಲು ಬರುವ 300 ವ್ಯಾಟಿನ ಪುಟ್ಟ ಗನ್ನೂ ಇದೆ. ನೋಡಲು ಮುದ್ದಾಗಿದೆ, ಅಗ್ಗ. ಆದರೆ ಅದಕ್ಕೆ ತಾಪಮಾನದ ಹಿಡಿತ ಇಲ್ಲ. ಸೀಸವಿಲ್ಲದ ಸೋಲ್ಡರನ್ನು ಕರಗಿಸಲು ಹೋದರೆ ತುಂಬಾ ಹೊತ್ತು ಹಿಡಿಯಬೇಕು, ಅಷ್ಟರಲ್ಲಿ ಸುತ್ತಲಿನದ್ದೆಲ್ಲ ಬೆಂದಿರುತ್ತದೆ. ಬ್ಯೂಟೇನ್ ಗ್ಯಾಸಿನಲ್ಲಿ ಓಡುವವು ಕರೆಂಟಿಲ್ಲದ ಕಡೆ ಉಪಯೋಗಕ್ಕೆ ಬರುತ್ತವೆ. ಬೋರ್ಡ್ ಕೆಲಸಕ್ಕೆ ಬೇಕಾದಷ್ಟು ನಿಖರತೆ ಅವುಗಳಿಂದ ಸಿಗುವುದಿಲ್ಲ.

ಉಳಿದಿದ್ದು ನಿಜವಾದ ಎಸ್‌ಎಂಡಿ ಹಾಟ್ ಏರ್. ಇದರಲ್ಲಿ ಎರಡು ವಂಶ. 850 ಎಂಬ ಹಳೆಯ ಬಗೆಯಲ್ಲಿ ಪೆಟ್ಟಿಗೆಯೊಳಗೆ ಡಯಾಫ್ರಾಂ ಪಂಪ್ ಇರುತ್ತದೆ, ಗಾಳಿ ಪೈಪಿನಲ್ಲಿ ಹಿಡಿಗೆ ಬರುತ್ತದೆ. 858 ಬಗೆಯಲ್ಲಿ ಹಿಡಿಯೊಳಗೇ ಒಂದು ಬ್ರಷ್‌ಲೆಸ್ ಫ್ಯಾನ್ ಇರುತ್ತದೆ, ಪೆಟ್ಟಿಗೆಯಲ್ಲಿ ಬರೀ ಕಂಟ್ರೋಲ್. ಬೀಸಣಿಗೆಗೂ ಊದುಗೊಳವೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಪಂಪಿಗೆ ಒತ್ತಡ ಜಾಸ್ತಿ, ಗಾಳಿಯ ಪ್ರಮಾಣ ಕಡಿಮೆ. ಫ್ಯಾನಿಗೆ ಗಾಳಿ ಜಾಸ್ತಿ, ಒತ್ತಡ ಕಡಿಮೆ.

ಗಾಳಿ ಹೊರಬರುವ ತುದಿಗೆ ನಾಝಲ್ ಹಾಕುವಾಗ ಇದು ಗೊತ್ತಾಗುತ್ತದೆ. ಫ್ಯಾನ್ ಬಗೆಯ ಗನ್ನಿಗೆ 3 ಮಿಲಿಮೀಟರಿನ ಸಣ್ಣ ನಾಝಲ್ ಹಾಕಿದರೆ ಗಾಳಿ ಉಸಿರುಗಟ್ಟುತ್ತದೆ. ಹೀಟರಿನ ಶಾಖ ಹೊರಗೆ ಹೋಗದೆ ಒಳಗೇ ನಿಲ್ಲುತ್ತದೆ. ಒಳಗೆ ತಾಪ ಅಳೆಯುವ ಥರ್ಮೋಕಪಲ್ ‘350 ಆಯಿತು’ ಎನ್ನುತ್ತದೆ, ಬೋರ್ಡಿಗೆ ಮಾತ್ರ ಸಾಕಷ್ಟು ಶಾಖ ಸೇರಿರುವುದಿಲ್ಲ. ‘ಇಷ್ಟು ಡಿಗ್ರಿ ಇಟ್ಟರೂ ಕರಗಲ್ಲ’ ಅಂತ ಬೇಜಾರು ಪಡುವವರು ಮೊದಲು ನಾಝಲ್ ಬದಲಾಯಿಸಿ ನೋಡಿ. ಬಾಕ್ಸಿನ ಮೇಲೆ 480 ಡಿಗ್ರಿ, 500 ಡಿಗ್ರಿ ಎಂದು ಬರೆದಿರುವುದಕ್ಕೆ ನಾನು ಬೆಲೆ ಕೊಡುವುದಿಲ್ಲ. ಆ ಬಿಸಿಯಲ್ಲಿ ನಾನು ಬೋರ್ಡ್ ಕೆಲಸ ಮಾಡುವುದಿಲ್ಲ. 350ರ ಹತ್ತಿರ ನಿಲ್ಲಿಸಿದಾಗ ಎಷ್ಟು ಸಮವಾದ ಗಾಳಿ ಹೊರಗೆ ಬರುತ್ತದೆ ಎನ್ನುವುದೇ ಮುಖ್ಯ.

ಈ 858 ವಂಶದ್ದೇ ಇನ್ನೂ ಚಿಕ್ಕ ರೂಪ ಎಂದರೆ 8858 ಎಂಬ ನಂಬರಿನಲ್ಲಿ ಮಾರುವ ಒಂಟಿ ಗನ್. ಡಿಸ್‌ಪ್ಲೇ, ಬಟನ್ನು, ಫ್ಯಾನು, ಹೀಟರು ಎಲ್ಲ ಹಿಡಿಯಲ್ಲೇ. ಸುಮಾರು 650 ವ್ಯಾಟ್. ಈ ನಂಬರು ಒಂದೇ ಕಂಪನಿಯದ್ದಲ್ಲ, ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ, ಒಳಗಿನ ಗುಣಮಟ್ಟವೂ ಬೇರೆ ಬೇರೆ. ಹಾಗಾಗಿ ಹೆಸರು ನೋಡಿ ತಗೊಳ್ಳುವುದಕ್ಕಿಂತ ಕೈಯಲ್ಲಿ ಹಿಡಿದು ನೋಡಿ ತಗೊಳ್ಳುವುದು ಮೇಲು.

ಅಂಗಡಿಯಲ್ಲೇ ನೋಡಿದ್ದು

ಮೊದಲು ಪ್ಲಗ್. ಮೂರು ಪಿನ್ ಇರಲೇಬೇಕು. ಎರಡು ಪಿನ್ನಿನ ಗನ್ನುಗಳೂ ಅದೇ ಗಾಜಿನ ಕಪಾಟಿನಲ್ಲಿ ಇದ್ದವು, ನಾನು ಮುಟ್ಟಲಿಲ್ಲ. ಮುಂದಿನ ಲೋಹದ ಕೊಳವೆಗೆ ಅರ್ಥಿಂಗ್ ಇಲ್ಲದಿದ್ದರೆ ಒಳಗಿನ ಹೀಟರ್ ತಂತಿ ಸಡಿಲವಾಗಿ ತಗುಲಿದಾಗ 230 ವೋಲ್ಟ್ ನೇರ ನಮ್ಮ ಕೈಗೇ. ಸಣ್ಣ ಲೀಕೇಜ್ ಕೂಡ ಮಾಸ್‌ಫೆಟ್ಟಿನ ಗೇಟನ್ನು ಸಾಯಿಸಬಹುದು. ಮೀಟರ್ ಕೇಳಿ, ಅರ್ಥ್ ಪಿನ್ನಿಗೂ ನಾಝಲ್ ಕೊಳವೆಗೂ ನಡುವೆ ರೆಸಿಸ್ಟೆನ್ಸ್ ನೋಡಿದೆ. ಒಂದು ಓಮ್‌ಗಿಂತ ಕಡಿಮೆ. ಸರಿ.

ಎರಡನೆಯದು ವೋಲ್ಟೇಜ್. ಈ ಗನ್ನುಗಳು 110 ವೋಲ್ಟಿಗೂ ತಯಾರಾಗುತ್ತವೆ, ಆನ್‌ಲೈನಿನಲ್ಲಿ ಎರಡೂ ಒಂದೇ ಫೋಟೋದಲ್ಲಿ ಕಾಣುತ್ತವೆ. 110 ವೋಲ್ಟಿನದ್ದನ್ನು ನಮ್ಮ 230ಕ್ಕೆ ಚುಚ್ಚಿದರೆ ಹೀಟರಿಗೆ ನಾಲ್ಕು ಪಟ್ಟಿಗಿಂತ ಜಾಸ್ತಿ ಪವರ್ ಹೋಗುತ್ತದೆ. ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ಹಿಡಿಯ ಮೇಲಿನ ಚೀಟಿ ಓದಿಯೇ ದುಡ್ಡು ಕೊಡಿ.

ಮೂರನೆಯದಕ್ಕೆ ಅಂಗಡಿಯವರನ್ನು ಒಪ್ಪಿಸಬೇಕಾಯಿತು: ಆನ್ ಮಾಡಿ, ಬಿಸಿಯಾಗಲು ಬಿಟ್ಟು, ಆಫ್ ಮಾಡಿ ನೋಡುವುದು. ಒಳ್ಳೆಯ ಗನ್ನು ಬಟನ್ ಒತ್ತಿದ ತಕ್ಷಣ ನಿಲ್ಲಬಾರದು. ಹೀಟರ್ ಆರಬೇಕು, ಫ್ಯಾನು ಓಡುತ್ತಲೇ ಇದ್ದು, ತಾಪ 100 ಡಿಗ್ರಿಯ ಕೆಳಗೆ ಇಳಿದ ಮೇಲೆ ತಾನಾಗಿ ನಿಲ್ಲಬೇಕು. ಸ್ಟ್ಯಾಂಡಿಗೆ ಇಟ್ಟಾಗಲೂ ಇದೇ ಆಗಬೇಕು. ಸ್ಟ್ಯಾಂಡಿನಲ್ಲಿ ಒಂದು ಅಯಸ್ಕಾಂತ, ಹಿಡಿಯೊಳಗೆ ಅದಕ್ಕೆ ಸ್ಪಂದಿಸುವ ಸ್ವಿಚ್ ಇರುತ್ತದೆ. ಕೈಗೆತ್ತಿಕೊಂಡರೆ ಬಿಸಿ ಶುರು, ಇಟ್ಟರೆ ತಣ್ಣಗೆ. ಈ ಸೌಲಭ್ಯ ಇಲ್ಲದ ಗನ್ನಿಗೆ ಆಯುಷ್ಯ ಕಡಿಮೆ, ಮೇಜಿಗೂ ಅಪಾಯ.

ಇನ್ನೊಂದು, ಯಾರೂ ಹೇಳದ್ದು: ವೈರು. ಹಿಡಿಯ ತೂಕಕ್ಕಿಂತ ವೈರಿನ ಬಿಗಿತವೇ ಕೈಗೆ ಆಯಾಸ ತರುವುದು. ಗಟ್ಟಿ ಪಿವಿಸಿ ವೈರ್ ಇದ್ದರೆ ಗನ್ನು ನಾವು ಹಿಡಿದ ಕಡೆ ನಿಲ್ಲುವುದಿಲ್ಲ, ತನಗೆ ಬೇಕಾದ ಕಡೆ ತಿರುಗುತ್ತದೆ. ಐಸಿಯ ಮೇಲೆ ಗಾಳಿಯನ್ನು ಸಣ್ಣ ಸುತ್ತಿನಲ್ಲಿ ಆಡಿಸಬೇಕಾದಾಗ ಮಣಿಕಟ್ಟು ಸೋಲುತ್ತದೆ. ಎರಡು ಗನ್ನು ಹಿಡಿದು ಗಾಳಿಯಲ್ಲೇ ಸುತ್ತು ಹಾಕಿ ನೋಡಿ, ಮೆತ್ತಗಿನ ವೈರು ಇದ್ದದ್ದನ್ನು ಆರಿಸಿದೆ. ಜೊತೆಗೆ 5, 8, 10 ಮಿಲಿಮೀಟರಿನ ಗುಂಡು ನಾಝಲ್‌ಗಳು ಬಂದವು. ನನ್ನ ಕೆಲಸಕ್ಕೆ ಅಷ್ಟು ಸಾಕು.

ಮನೆಗೆ ಬಂದ ಮೇಲೆ, ಬೋರ್ಡ್ ಮುಟ್ಟುವ ಮೊದಲು

ಡಿಸ್‌ಪ್ಲೇಯಲ್ಲಿ ಕಾಣುವ ನಂಬರು ಗನ್ನಿನ ಒಳಗಿನದ್ದು. ಬೋರ್ಡಿನ ಮೇಲಿನದ್ದು ಬೇರೆ. ನಾಝಲ್ ಬಾಯಿಂದ ಅರ್ಧ ಸೆಂಟಿಮೀಟರ್ ದೂರಕ್ಕೂ ಎರಡು ಸೆಂಟಿಮೀಟರ್ ದೂರಕ್ಕೂ ಹತ್ತಾರು ಡಿಗ್ರಿ ವ್ಯತ್ಯಾಸ ಬರುತ್ತದೆ. ಕೆ-ಟೈಪ್ ಥರ್ಮೋಕಪಲ್ ಇರುವ ಮೀಟರಿದ್ದರೆ ಅಳೆದು ನೋಡಬಹುದು. ಇಲ್ಲದಿದ್ದರೆ ಸುಲಭದ ದಾರಿ ಇದೆ, ಸೋಲ್ಡರನ್ನೇ ಥರ್ಮಾಮೀಟರ್ ಮಾಡಿಕೊಳ್ಳಿ.

ಒಂದು ಸತ್ತ ಬೋರ್ಡಿನ ಮೇಲೆ ಮೂರು ಹನಿ ಹಾಕಿದೆ. ಒಂದು ತವರ-ಬಿಸ್ಮತ್ ಸೋಲ್ಡರ್, ಇದು 138 ಡಿಗ್ರಿಗೆ ಕರಗುತ್ತದೆ. ಇನ್ನೊಂದು 63/37, ನಾವೆಲ್ಲ ಬಳಸುವ ಸೀಸ ಇರುವ ಸೋಲ್ಡರ್, 183 ಡಿಗ್ರಿ. ಮೂರನೆಯದು ಸೀಸವಿಲ್ಲದ್ದು, ಎಸ್‌ಎಸಿ 305, ಅದು 217ರಿಂದ 220. ಗನ್ನು 300ಕ್ಕೆ ಇಟ್ಟು, ಒಂದೂವರೆ ಸೆಂಟಿಮೀಟರ್ ಎತ್ತರದಿಂದ ಹಿಡಿದೆ. ಬಿಸ್ಮತ್ ಹನಿ ಮೊದಲು ಮಿಂಚಿತು, ಸ್ವಲ್ಪ ಹೊತ್ತಿಗೆ 63/37. ಸೀಸವಿಲ್ಲದ್ದು ಅಲ್ಲಾಡಲೇ ಇಲ್ಲ. 350ಕ್ಕೆ ಏರಿಸಿದಾಗ ಅದೂ ಕರಗಿತು. ಅಂದರೆ ಈ ಎತ್ತರದಲ್ಲಿ, ಈ ನಾಝಲ್ಲಿಗೆ, ಫ್ಯಾನ್ ಬೋರ್ಡಿನ ಕೆಲಸಕ್ಕೆ 350ರಿಂದ ಶುರು ಮಾಡಬೇಕು. ನಿಮ್ಮ ಗನ್ನಿಗೆ ಬೇರೆ ನಂಬರು ಬರಬಹುದು, ಸುಮ್ನೆ ನನ್ನದನ್ನು ನಂಬಬೇಡಿ. ಹತ್ತು ನಿಮಿಷದ ಕೆಲಸ, ಮಾಡಿಯೇ ನೋಡಿ.

ಗಾಳಿ ಸಮವಾಗಿದೆಯಾ ಎಂದು ನೋಡಲು ಬಿಳಿ ಕಾಗದ ಸಾಕು. ಗನ್ನನ್ನು ಅಲ್ಲಾಡಿಸದೆ ಕಾಗದದ ಮೇಲೆ ಹಿಡಿದರೆ ಕಂದು ಮಚ್ಚೆ ಮೂಡುತ್ತದೆ. ಮಚ್ಚೆ ದುಂಡಗಿದ್ದರೆ ಸರಿ. ಒಂದು ಪಕ್ಕಕ್ಕೆ ವಾಲಿದ್ದರೆ ಹೀಟರ್ ಸುರುಳಿ ವಾರೆಯಾಗಿದೆ ಅಥವಾ ನಾಝಲ್ ಸರಿಯಾಗಿ ಕೂತಿಲ್ಲ.

ಬೋರ್ಡ್ ಕೆಲಸ

ಮೊದಲು ಎತ್ತಿಕೊಂಡಿದ್ದು ಪಕ್ಕದ ಮನೆ ಅಜ್ಜಿಯ ಫ್ಯಾನಿನ ಬೋರ್ಡು. ದೂರು ಇಷ್ಟು: ರಿಮೋಟ್ ಒತ್ತಿದರೆ ಬೀಪ್ ಬರುತ್ತದೆ, ಫ್ಯಾನು ಒಮ್ಮೆ ನಡುಗಿ ನಿಲ್ಲುತ್ತದೆ. ಬೀಪ್ ಬರುತ್ತದೆ ಎಂದರೆ ಪವರ್ ಸಪ್ಲೈ, ಮೈಕ್ರೋಕಂಟ್ರೋಲರ್ ಬದುಕಿವೆ. ನಡುಗುತ್ತದೆ ಎಂದರೆ ಮೂರು ಫೇಸಿನಲ್ಲಿ ಒಂದು ಸತ್ತಿದೆ.

ಇಂಥ ಬೋರ್ಡಿಗೆ ಕೈ ಹಾಕುವ ಮೊದಲು ದೊಡ್ಡ ಕೆಪಾಸಿಟರನ್ನು ಖಾಲಿ ಮಾಡಲೇಬೇಕು. 230 ವೋಲ್ಟ್ ಎಸಿ ಡಯೋಡ್ ದಾಟಿದ ಮೇಲೆ ಸುಮಾರು 325 ವೋಲ್ಟ್ ಡಿಸಿ ಆಗಿ ಅಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಇರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಂದೆ.

ಮೋಟಾರಿಗೆ ಹೋಗುವ ಮೂರು ತಂತಿಗೂ ಗ್ರೌಂಡಿಗೂ ನಡುವೆ ಡಯೋಡ್ ಮೋಡಿನಲ್ಲಿ ನೋಡಿದೆ. ಎರಡರಲ್ಲಿ ಸರಿಯಾದ ಓದು, ಒಂದರಲ್ಲಿ ನೇರ ಶಾರ್ಟ್. ಆ ತಂತಿಯ ಹಾದಿ ಹಿಡಿದು ಹೋದರೆ 4606 ಎಂದು ಬರೆದಿದ್ದ ಎಂಟು ಕಾಲಿನ ಭಾಗ. ಒಂದೇ ಕವಚದೊಳಗೆ 30 ವೋಲ್ಟಿನ ಒಂದು ಎನ್ ಮಾಸ್‌ಫೆಟ್, ಒಂದು ಪಿ ಮಾಸ್‌ಫೆಟ್. 5ರಿಂದ 8ರವರೆಗಿನ ಕಾಲುಗಳೆಲ್ಲ ಸೇರಿ ಮೋಟಾರಿನ ಕಡೆ ಹೋಗುತ್ತವೆ. 1ನೇ ಕಾಲು ಗ್ರೌಂಡಿಗೆ, 3ನೇ ಕಾಲು ಪ್ಲಸ್ಸಿಗೆ. 1ಕ್ಕೂ 8ಕ್ಕೂ ನಡುವೆ ಬೀಪ್ ಬಂತು. ರೋಗಿ ಸಿಕ್ಕಿತು.

ಬೋರ್ಡಿನ ಮೇಲೆ ತೇವ ತಡೆಯಲು ಬಳಿದಿದ್ದ ಸಿಲಿಕೋನನ್ನು ಆ ಜಾಗದಲ್ಲಿ ಉಗುರಿನಿಂದ, ಮರದ ಕಡ್ಡಿಯಿಂದ ಕೆರೆದು ತೆಗೆದೆ. ರಿಮೋಟಿನ ಸಿಗ್ನಲ್ ಹಿಡಿಯುವ ಐಆರ್ ರಿಸೀವರ್, ಪ್ಲಾಸ್ಟಿಕ್ ಕನೆಕ್ಟರ್, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮೂರಕ್ಕೂ ಬಿಸಿಗೆ ಸುಡದ ಕ್ಯಾಪ್ಟಾನ್ ಟೇಪ್ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿದೆ. ಟೇಪ್ ಒಂದೇ ಆದರೆ ಗಾಳಿ ತಾಗದಿದ್ದರೂ ಶಾಖ ಒಳಗೆ ಹೋಗುತ್ತದೆ. ಫಾಯಿಲ್ ಶಾಖವನ್ನು ಹಿಂದಕ್ಕೆ ಎಸೆಯುತ್ತದೆ.

ಮುಂದಿನದ್ದು ನನಗೆ ಅತಿ ಇಷ್ಟದ ಭಾಗ. ಎಂಟೂ ಕಾಲಿಗೆ ಐರನ್ನಿನಿಂದ ಸ್ವಲ್ಪ 63/37 ಸೋಲ್ಡರ್ ಸೇರಿಸಿದೆ. ಹಳೆಯ ಸೀಸವಿಲ್ಲದ ಸೋಲ್ಡರಿನ ಜೊತೆ ಇದು ಬೆರೆತರೆ ಕರಗುವ ಬಿಂದು ಇಳಿಯುತ್ತದೆ, ಬೋರ್ಡ್ ಕಡಿಮೆ ಬಿಸಿ ತಿನ್ನುತ್ತದೆ. ಮೇಲಿಂದ, ಸೋಲ್ಡರ್ ಚೆನ್ನಾಗಿ ಹರಿಯಲು, ಜೆಲ್ ಫ್ಲಕ್ಸ್. 8 ಮಿಲಿಮೀಟರ್ ನಾಝಲ್, ಗಾಳಿ ಅರ್ಧಕ್ಕಿಂತ ಕಡಿಮೆ. ಮೊದಲು 150 ಡಿಗ್ರಿಗೆ ಇಟ್ಟು ಇಡೀ ಬೋರ್ಡಿನ ಮೇಲೆ ಒಂದೆರಡು ನಿಮಿಷ ಆಡಿಸಿದೆ. ಆಮೇಲೆ 350.

5ರಿಂದ 8ರ ಕಡೆ ತಾಮ್ರದ ಅಗಲವಾದ ಹಾಳೆಯೇ ಇದೆ, ಅದು ಶಾಖ ಕುಡಿಯುತ್ತದೆ. ಹಾಗಾಗಿ ಗಾಳಿಯ ಸುತ್ತನ್ನು ಆ ಕಡೆಗೆ ವಾಲಿಸಿ ಶುರು ಮಾಡಿದೆ. ಫ್ಲಕ್ಸ್ ಮೊದಲು ನೀರಾಗಿ ಹರಿಯಿತು, ಆಮೇಲೆ ಗುಳ್ಳೆ ಎದ್ದು ಸಣ್ಣಗೆ ಹೊಗೆ. 1ರಿಂದ 4ರ ಕಾಲುಗಳು ಮಂಕು ಬೂದು ಬಣ್ಣದಿಂದ ಥಟ್ಟನೆ ಕನ್ನಡಿಯಾದವು. ಇಲ್ಲಿ ಆತುರ ಪಡಬಾರದು, ಇನ್ನೊಂದು ಕಡೆ ಇನ್ನೂ ಹಿಡಿದಿರುತ್ತದೆ. ಕೆಲವೇ ಸೆಕೆಂಡಿನಲ್ಲಿ ಅಗಲ ಹಾಳೆಯ ಕಡೆಯೂ ಮಿಂಚಿತು. ಟ್ವೀಜರಿನ ತುದಿಯಿಂದ ಐಸಿಯನ್ನು ಪಕ್ಕಕ್ಕೆ ಒಂದು ಕೂದಲಿನಷ್ಟು ತಳ್ಳಿದೆ. ಬಿಟ್ಟ ತಕ್ಷಣ ಅದು ತಾನಾಗಿ ಹಿಂದಕ್ಕೆ ಬಂದು ಕೂತಿತು. ಕರಗಿದ ಸೋಲ್ಡರಿನ ಸೆಳೆತ ಅದು. ಹಾಗೆ ಹಿಂದಕ್ಕೆ ಬಂದರೆ ಎಲ್ಲ ಕಾಲೂ ಬಿಟ್ಟಿವೆ ಎಂದೇ ಅರ್ಥ. ಎತ್ತಿದೆ, ಪ್ಯಾಡ್ ಒಂದೂ ಕದಲದೆ ಬಂತು.

ಸೋಲ್ಡರ್ ಹೀರುವ ತಾಮ್ರದ ಹೆಣಿಗೆ ಪಟ್ಟಿ (ವಿಕ್) ಒತ್ತಿ ಹಳೆ ಸೋಲ್ಡರ್ ತೆಗೆದು, ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ, ಪ್ಯಾಡಿಗೆ ತೆಳುವಾಗಿ ಹೊಸ ಸೋಲ್ಡರ್ ಹಚ್ಚಿದೆ. ಹೊಸ 4606 ಅನ್ನು 1ನೇ ಕಾಲಿನ ಗುರುತು ನೋಡಿ ಇಟ್ಟು, ಫ್ಲಕ್ಸ್ ಹಾಕಿ, ಅದೇ ಕ್ರಮದಲ್ಲಿ ಬಿಸಿ ಮಾಡಿದೆ. ಈ ಸಲ ಅದೇ ಸೆಳೆತ ಐಸಿಯನ್ನು ತಾನೇ ನೇರ ಮಾಡಿ ಕೂರಿಸಿತು. ಬಾಯಿಂದ ಊದಿ ಆರಿಸಬೇಡಿ. ಬೋರ್ಡ್ ತನ್ನಷ್ಟಕ್ಕೆ ತಣಿಯಲಿ, ಇಲ್ಲವಾದರೆ ಸೆರಾಮಿಕ್ ಕೆಪಾಸಿಟರುಗಳು ಒಳಗೊಳಗೇ ಬಿರುಕು ಬಿಡಬಹುದು.

ಪರೀಕ್ಷೆಗೆ ನೇರ ಮೈನ್ಸ್ ಕೊಡಲಿಲ್ಲ. 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿದೆ. ಶಾರ್ಟ್ ಉಳಿದಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಬಲ್ಬು ಒಮ್ಮೆ ಮಿಣುಕಿ ಆರಿತು, ಬೀಪ್ ಬಂತು, ಮೋಟಾರು ತಿರುಗಿತು. ಅಜ್ಜಿಗೆ ಕೊಟ್ಟಾಗ ‘ಹೊಸ್ದೇ ಹಾಕಿದ್ಯಾ ಮಗಾ?’ ಅಂದರು. ‘ಇಲ್ಲ ಅಜ್ಜಿ, ನಿಮ್ದೇ ಬೋರ್ಡು’ ಎಂದೆ. ಆ ಭಾಗದ ಬೆಲೆ ಒಂದು ಕಾಫಿಯಷ್ಟು.

ಕರೆಂಟು ಹೋದಾಗ

ಈ ಮಾತು ಮಲೆನಾಡಿನವರಿಗೆ ಮುಖ್ಯ. ಗನ್ನು ಬಿಸಿ ಇದ್ದಾಗಲೇ ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಹೀಟರಿನಲ್ಲಿರುವ ಶಾಖ ಮಾತ್ರ ಅಲ್ಲೇ ಇರುತ್ತದೆ. ಬಾಯಿ ಕೆಳಗಾಗಿ ಹಿಡಿದರೆ ಆ ಬಿಸಿ ಮೇಲೇರಿ ಹಿಡಿಯೊಳಗಿನ ಪ್ಲಾಸ್ಟಿಕ್ಕಿಗೆ, ಫ್ಯಾನಿಗೆ, ಬೋರ್ಡಿಗೆ ಹೋಗುತ್ತದೆ. ಕೂಡಲೇ ನಾಝಲ್ ಮೇಲೆ ಮಾಡಿ, ಉರಿಯುವ ವಸ್ತು ಏನೂ ಇಲ್ಲದ ಕಡೆ ನಿಲ್ಲಿಸಬೇಕು. ಬಿಸಿ ಹೊರಗೇ ಹೋಗುತ್ತದೆ. ಒಂಟಿ ಗನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಪೂರ್ತಿ ಹಿಡಿಯಲ್ಲೇ ಇರುವುದರಿಂದ ಪೆಟ್ಟಿಗೆಯ 858ಕ್ಕಿಂತ ಇದಕ್ಕೆ ಈ ಎಚ್ಚರ ಹೆಚ್ಚು ಬೇಕು.

ಇನ್ವರ್ಟರಿನಲ್ಲಿ ಓಡಿಸಬಹುದಾ? 650 ವ್ಯಾಟ್ ಎಂದರೆ ಸುಮಾರು 2.8 ಆಂಪಿಯರ್. ಸಾಮಾನ್ಯ 6 ಆಂಪಿಯರ್ ಸಾಕೆಟ್ಟಿಗೆ ತೊಂದರೆಯಿಲ್ಲ. ಆದರೆ ಮನೆಯ 900 ವಿಎ ಇನ್ವರ್ಟರಿಗೆ ಇದೊಂದೇ ಹೆಚ್ಚುಕಮ್ಮಿ ಪೂರ್ತಿ ಹೊರೆ. ಲೈಟು, ಫ್ಯಾನು ಜೊತೆಗಿದ್ದರೆ ಓವರ್‌ಲೋಡ್ ಆಗಿ ನಿಲ್ಲುತ್ತದೆ. ನಾನು ಮೈನ್ಸ್ ಇರುವಾಗ ಮಾತ್ರ ಹಾಟ್ ಏರ್ ಹಿಡಿಯುತ್ತೇನೆ.

ಮಳೆಗಾಲದ ಇನ್ನೊಂದು ತೊಂದರೆ ತೇವ. ಐಸಿಯ ಪ್ಲಾಸ್ಟಿಕ್ ಕವಚ ಗಾಳಿಯ ತೇವ ಹೀರುತ್ತದೆ. ಒಮ್ಮೆಲೇ ಬಿಸಿ ತಾಗಿದರೆ ಆ ನೀರು ಆವಿಯಾಗಿ ಕವಚವನ್ನು ಒಳಗಿಂದ ಸೀಳಬಹುದು. ಬಿಡಿಭಾಗಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ. ಮೇಲೆ ಹೇಳಿದ 150 ಡಿಗ್ರಿಯ ನಿಧಾನ ಬಿಸಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಇದರ ಕೈಲಿ ಆಗದ್ದು

ಫ್ಯಾನ್ ಬೋರ್ಡು, ಚಾರ್ಜರು, ಯುಎಸ್‌ಬಿ-ಸಿ ಕನೆಕ್ಟರು, ಸಣ್ಣ ಕಂಟ್ರೋಲರ್ ಬೋರ್ಡುಗಳಿಗೆ ಈ ಚಿಕ್ಕ ಗನ್ನು ಧಾರಾಳ ಸಾಕು. ಎಲ್‌ಇಡಿ ಬಲ್ಬಿನ ಅಲ್ಯೂಮಿನಿಯಂ ತಟ್ಟೆಗೆ ಇದು ಸರಿಹೋಗುವುದಿಲ್ಲ. ಮೇಲಿಂದ ಕೊಟ್ಟ ಶಾಖವನ್ನೆಲ್ಲ ತಟ್ಟೆ ಹರಡಿಬಿಡುತ್ತದೆ. ಅದಕ್ಕೆ ಕೆಳಗಿಂದ ಬಿಸಿ ಮಾಡುವ ಹಾಟ್ ಪ್ಲೇಟೇ ಸರಿ. ಲ್ಯಾಪ್‌ಟಾಪ್ ಮದರ್‌ಬೋರ್ಡಿನ ಹಲವು ಪದರದ ತಾಮ್ರಕ್ಕೂ ಬೋರ್ಡನ್ನು ಕೆಳಗಿಂದ ಮೊದಲೇ ಬಿಸಿ ಮಾಡುವ ಪ್ರೀಹೀಟರ್ ಇಲ್ಲದೆ ಇದನ್ನು ಹಿಡಿಯಬೇಡಿ. ತಾಪ 420, 450 ಅಂತ ಏರಿಸುತ್ತಾ ಹೋದರೆ ಐಸಿ ಸುಡುತ್ತದೆ, ಸೋಲ್ಡರ್ ಮಾತ್ರ ಕರಗುವುದಿಲ್ಲ. ದಿನವಿಡೀ ಅದೇ ಕೆಲಸ ಮಾಡುವವರಿಗೆ ಕ್ವಿಕ್ 861ಡಿಡಬ್ಲ್ಯೂ ಥರದ 1000 ವ್ಯಾಟಿನ ಸ್ಟೇಷನ್ ಬೇಕು, ಅದರ ಗಾಳಿಯ ಬಲವೇ ಬೇರೆ. ಲಿಥಿಯಂ ಬ್ಯಾಟರಿ ಜೋಡಿಸಿರುವ ಬೋರ್ಡಿಗೆ ಯಾವ ಹಾಟ್ ಏರೂ ಬೇಡ, ಮೊದಲು ಬ್ಯಾಟರಿ ಬಿಚ್ಚಿ ದೂರ ಇಡಿ. ಫ್ಲಕ್ಸಿನ ಹೊಗೆ ಮೂಗಿಗೆ ಬರದ ಹಾಗೆ ಒಂದು ಹಳೆ ಕಂಪ್ಯೂಟರ್ ಫ್ಯಾನನ್ನು ಕಿಟಕಿಯ ಕಡೆ ಊದುವಂತೆ ಇಟ್ಟುಕೊಳ್ಳಿ.

ಗನ್ನು ತಗೊಳ್ಳುವಾಗಲೇ ಅದಕ್ಕೆ ಹೊಂದುವ ಹೀಟರ್ ಬಿಡಿಯಾಗಿ ಸಿಗುತ್ತದಾ ಎಂದು ಕೇಳಿ, ಸಿಕ್ಕರೆ ಒಂದನ್ನು ಜೊತೆಗೇ ತನ್ನಿ. ಸವೆಯುವ ಭಾಗ ಅದೊಂದೇ ಎನ್ನಬಹುದು. ಹೀಟರಿಗೆ ಎರಡು ತಂತಿ, ಥರ್ಮೋಕಪಲ್ಲಿಗೆ ಎರಡು ತಂತಿ, ಕೊಳವೆಗೆ ಅರ್ಥಿಂಗಿನದ್ದು ಒಂದು. ಬದಲಾಯಿಸುವಾಗ ಥರ್ಮೋಕಪಲ್ ತಂತಿಗಳು ಉಲ್ಟಾ ಆಗಬಾರದು. ಉಲ್ಟಾ ಆದರೆ ಬಿಸಿಯಾದಷ್ಟೂ ತಣ್ಣಗಿದೆ ಎಂದು ಓದಿ ಗನ್ನು ಹೀಟರನ್ನು ಉರಿಸುತ್ತಲೇ ಹೋಗುತ್ತದೆ. ಬಿಚ್ಚುವ ಮೊದಲು ಬಣ್ಣ ಕಾಣುವ ಹಾಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಅರ್ಥ್ ಪಿನ್ನಿಂದ ಕೊಳವೆಗೆ ಇನ್ನೊಮ್ಮೆ ಮೀಟರ್ ಹಿಡಿದು ನೋಡಿ, ಆಮೇಲೆ ಪ್ಲಗ್ ಹಾಕಿ.